'ಈ ಪಾಠ ಮನೇಲಿ ಓದ್ಕೊಳ್ಳಿ'

ಬೇಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಹತ್ತನೇ ಕ್ಲಾಸು ಓದುವಾಗ ವಿಜ್ಞಾನದ ಮೇಷ್ಟ್ರು ಹೂವಿನ ಪರಾಗಸ್ಪರ್ಶಕ್ಕೆ ಮೂರು ಪೀರಿಯಡ್ ತೆಗೆದುಕೊಂಡರು. ದಾಸವಾಳ ತಂದು, ಬ್ಲೇಡಿನಲ್ಲಿ ಸೀಳಿ, ಒಂದೊಂದು ಭಾಗವನ್ನೂ ತೋರಿಸಿದರು. ಪುಟ ತಿರುಗಿಸಿದರೆ ಮನುಷ್ಯರು ಬಂದರು. 'ಈ ಪಾಠ ಮನೇಲಿ ಓದ್ಕೊಳ್ಳಿ' ಎಂದವರೇ ಮುಂದಕ್ಕೆ ಹಾರಿದರು. ಮನೇಲಿ ಯಾರ ಮುಂದೆ ಓದೋದು?

ಈಗ ಆ ಪಾಠದ ಮಾತು ಮತ್ತೆ ಎದ್ದಿದೆ. 2025ರ ಮಾರ್ಚ್‌ನಲ್ಲಿ ಸರ್ಕಾರ ವಿಧಾನ ಪರಿಷತ್ತಿನಲ್ಲಿ ಹೇಳಿದ್ದು ಇದು: 8ರಿಂದ 12ನೇ ತರಗತಿವರೆಗೆ ವಾರಕ್ಕೆ ಎರಡು ಸಲ ಲೈಂಗಿಕ ಶಿಕ್ಷಣ, ಅದೂ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಂದ. ಹೊಸ ಸುದ್ದಿ ಅನ್ನಿಸಬಹುದು. ಆದರೆ ಇದು ಹಳೇ ಕಥೆ, ಹೆಸರು ಮಾತ್ರ ಬದಲಾಗುತ್ತಾ ಬಂದಿದೆ.

1980ರಲ್ಲಿ ಇದರ ಹೆಸರು ಜನಸಂಖ್ಯಾ ಶಿಕ್ಷಣ. 1986ರಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಚೆನ್ನೈನಲ್ಲಿ ಪತ್ತೆಯಾದವು. ಆಮೇಲೆ ಅದು ಏಡ್ಸ್ ಶಿಕ್ಷಣವಾಯಿತು. 2005ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು.

ಅಸಲಿ ಜಗಳ ಶುರುವಾದದ್ದು ಇಲ್ಲಿಂದ. 9 ಮತ್ತು 11ನೇ ತರಗತಿಗೆ 16 ಗಂಟೆಗಳ ತರಗತಿ ಅಂತ ಯೋಜನೆ. ಬೆಳವಣಿಗೆ, ಎಚ್‌ಐವಿ, ಬೇಡ ಅನ್ನುವುದನ್ನು ಬೇಡ ಎಂದು ಹೇಳುವ ಧೈರ್ಯ, ಇವೆಲ್ಲ ಅದರೊಳಗೆ ಇದ್ದವು. ಶಿಕ್ಷಕರ ಕೈಗೆ ಚಿತ್ರಗಳಿದ್ದ ಫ್ಲಿಪ್ ಚಾರ್ಟ್ ಕೊಟ್ಟರು. ತಕರಾರು ಬಂದದ್ದು ಆ ಚಿತ್ರಗಳ ಮೇಲೆ. 'ಮಕ್ಕಳಿಗೆ ಇಲ್ಲದ್ದನ್ನೆಲ್ಲ ಹೇಳಿಕೊಡ್ತಾರೆ', 'ಲೈಂಗಿಕ ಶಿಕ್ಷಣ ಬೇಡ, ನೈತಿಕ ಶಿಕ್ಷಣ ಸಾಕು' ಎಂಬ ಮಾತು ಎಲ್ಲ ಕಡೆ ಕೇಳಿಬಂತು. 2007ರಲ್ಲಿ ಒಂದೊಂದೇ ರಾಜ್ಯ ಬೇಡ ಎಂದಿತು. ಕರ್ನಾಟಕವೂ ಆ ಸಾಲಿಗೆ ಸೇರಿತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಇದು ಬೇಡ ಎಂದೇ ವರದಿ ಕೊಟ್ಟಿತು.

ನವೋದಯ, ಕೇಂದ್ರೀಯ ವಿದ್ಯಾಲಯಗಳು ರಾಜ್ಯದ ಆದೇಶಕ್ಕೆ ಬರುವುದಿಲ್ಲ. ಅಲ್ಲಿ ಕಾರ್ಯಕ್ರಮ ಮುಂದುವರಿಯಿತು. ಅಂದರೆ ಬಾಳೆಹೊನ್ನೂರು ಹತ್ತಿರದ ಸೀಗೋಡು ನವೋದಯಕ್ಕೆ ಸೀಟು ಸಿಕ್ಕ ಮಗುವಿಗೆ ಒಂದು ಲೆಕ್ಕ, ಸೀಟು ಸಿಗದೆ ಪಕ್ಕದ ಸರ್ಕಾರಿ ಹೈಸ್ಕೂಲಿಗೆ ಹೋದ ತಮ್ಮನಿಗೆ ಇನ್ನೊಂದು ಲೆಕ್ಕ. 'ಈ ವಯಸ್ಸಿಗೆ ಯಾಕೆ' ಅನ್ನುವವರನ್ನು ಕಂಡಾಗ ನನಗೆ ಒಂದು ಅಂಕಿ ನೆನಪಾಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮದುವೆಗೆ ಆಗುವ ವಯಸ್ಸು ಪಾಠಕ್ಕೆ ಆಗಲ್ವಾ?

ಆಮೇಲೆ 2012ರಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂತು. ಬೇಕಾಗಿದ್ದ ಕಾಯ್ದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 18ರ ಒಳಗಿನವರ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಇದಕ್ಕೆ ಉಲ್ಟಾ ದಿಕ್ಕಿನಿಂದ ಬಂತು. 10ರಿಂದ 19ರವರೆಗಿನವರು ಬನ್ನಿ, ಮನಸ್ಸು ಬಿಚ್ಚಿ ಮಾತಾಡಿ, ಗುಟ್ಟು ಗುಟ್ಟಾಗೇ ಇರುತ್ತದೆ ಎಂದು ಸ್ನೇಹ ಕ್ಲಿನಿಕ್‌ಗಳು ಶುರುವಾದವು. ಹದಿನೇಳರ ಹುಡುಗಿ ಬಂದು ತಿಂಗಳು ನಿಂತಿದೆ ಎಂದರೆ ಆಪ್ತ ಸಮಾಲೋಚಕಿ ಏನು ಮಾಡಬೇಕು? ಗುಟ್ಟು ಉಳಿಸಬೇಕೋ, ಠಾಣೆಗೆ ಫೋನ್ ಮಾಡಬೇಕೋ? ಶಾಲೆಯಲ್ಲೂ ಹೀಗೇ. ಪ್ರಶ್ನೆ ಕೇಳಿಸಿಕೊಂಡರೆ ತಾನೇ ತಲೆನೋವು, ಸುಮ್ನೆ ಪಾಠ ಮುಗಿಸೋಣ ಅನ್ನುವ ಶಿಕ್ಷಕರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ತಾಪತ್ರಯ. ಮೂಡಿಗೆರೆ ಕಡೆ ತೋಟದ ಲೈನ್ ಮನೆಯ ಹುಡುಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂದರೆ ಇರುವ ಒಂದು ಬಸ್ಸು ಹಿಡಿಯಬೇಕು. ಬಸ್ಸಿನಲ್ಲಿ ಪಕ್ಕದ ಮನೆಯವರಿರುತ್ತಾರೆ. ಆಶಾ ಅಕ್ಕನ ಹತ್ತಿರ ಹೇಳೋಣವೆಂದರೆ ಅವರು ಅಮ್ಮನ ಸ್ವಸಹಾಯ ಸಂಘದವರೇ.

2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಶಾಲೆಗೆ ಇಬ್ಬರು ಶಿಕ್ಷಕರು, 11 ವಿಷಯ. ಅದರಲ್ಲಿ ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆ ಒಂದು. ಅಷ್ಟರಲ್ಲೇ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಪಾಠ ಕೇಳಲು ಎಂದು ಮಕ್ಕಳ ಕೈಗೆ ಮೊಬೈಲ್ ಬಂತು. ಮೇಷ್ಟ್ರು ಹಾರಿಸಿದ ಪುಟವನ್ನು ಅದು ತನಗೆ ತೋಚಿದಂತೆ ತುಂಬಿತು. 2024ರ ಚುನಾವಣೆ ಹೊತ್ತಿಗೆ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿವೆ ಎನ್ನಲಾದ ಪೆನ್‌ಡ್ರೈವ್ ಹರಿದಾಡಿದಾಗ, ಆ ಮಾತು ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಳ್ಳಲು ಯಾರಿಗೆ ಸಾಧ್ಯವಿತ್ತು?

ಹೋದ ವರ್ಷ ನಮ್ಮೂರ ಶಾಲೆಯಲ್ಲಿ ಆರೋಗ್ಯ ಇಲಾಖೆಯವರ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಹುಡುಗಿಯರನ್ನು ಹಾಲ್‌ಗೆ ಕರೆದು, ಹುಡುಗರನ್ನು ವಾಲಿಬಾಲ್ ಆಡಲು ಕಳಿಸಿದರು. ಹೆಸರು ಬರೆಯದೆ ಚೀಟಿ ಹಾಕಿ ಎಂದು ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದರು. 'ಮುಟ್ಟಾದಾಗ ಪರೀಕ್ಷೆ ಹಾಲ್‌ನಿಂದ ಎದ್ದು ಹೋಗಬಹುದಾ', 'ಸೊಳ್ಳೆ ಕಚ್ಚಿದರೆ ಏಡ್ಸ್ ಬರುತ್ತಾ' ಎಂಬ ಚೀಟಿಗಳು ಬಂದವು. ಸೊಳ್ಳೆಯಿಂದ ಬರುವುದಿಲ್ಲ ಎಂದು ಸಿಸ್ಟರ್ ಚೆನ್ನಾಗೇ ಬಿಡಿಸಿ ಹೇಳಿದರು. ಕಿಟಕಿಯ ಹೊರಗೆ ಮೂವರು ಹುಡುಗರು ಚೆಂಡು ಹಿಡಿದುಕೊಂಡು ನಿಂತು ಕೇಳುತ್ತಿದ್ದರು. ಪಿಟಿ ಮೇಷ್ಟ್ರು ಬಂದು ಓಡಿಸಿದರು.

ಮೊನ್ನೆ ಅದೇ ಶಾಲೆಯ ಹೆಡ್ಮಾಸ್ಟರು ಸಿಕ್ಕಿದ್ದರು. ಹೊಸ ಯೋಜನೆ ಬಗ್ಗೆ ಕೇಳಿದೆ. 'ಒಳ್ಳೇದೇ ಸಾರ್. ಆದ್ರೆ ನಮ್ಮ ಆಸ್ಪತ್ರೇಲಿ ಇರೋದು ಒಬ್ಬರೇ ಡಾಕ್ಟ್ರು. ಬೆಳಿಗ್ಗೆಯೆಲ್ಲ ರೋಗಿಗಳು, ಗುರುವಾರ ಲಸಿಕೆ, ಮಧ್ಯೆ ಮೀಟಿಂಗು. ವಾರಕ್ಕೆ ಎರಡು ದಿನ ಅಂತಾರಲ್ಲ, ಯಾವೆರಡು ದಿನ ಅಂತ ಟೈಂ ಟೇಬಲ್‌ಗೆ ಹಾಕ್ಲಿ?'