ಆರು ಚಕ್ರದ ಪಿಕಪ್ ನಾಲ್ಕಾಗುವಾಗ: ಮೊದಲು ತೂಕ, ಆಮೇಲೆ ಪಾನಾ

ಅಮೆರಿಕದ ರಸ್ತೆಗಳಲ್ಲಿ ಹಿಂದೆ ಎರಡೆರಡು ಟೈರ್ ಜೋಡಿಸಿದ ದೊಡ್ಡ ಪಿಕಪ್‌ಗಳು ಓಡಾಡುತ್ತವೆ. ಅಲ್ಲಿನವರು ಅದನ್ನು ಡ್ಯುಯಲಿ ಎನ್ನುತ್ತಾರೆ. ಭಾರದ ಟ್ರೇಲರ್ ಎಳೆಯಲು ಕೊಂಡವರು ಆ ಕೆಲಸ ಬಿಟ್ಟ ಮೇಲೆ ಗಾಡಿಯ ಅಗಲವೇ ಹೊರೆಯಾಗುತ್ತದೆ. ಹಿಂಭಾಗ ಸುಮಾರು 96 ಇಂಚು, ಅಂದರೆ ಹತ್ತಿರ ಹತ್ತಿರ 2.44 ಮೀಟರ್. ಒಂಟಿ ಟೈರಿನ ಅದೇ ಗಾಡಿ 80 ಇಂಚಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಪಾರ್ಕಿಂಗ್ ಗೆರೆಯೊಳಗೆ ಕೂರುವುದಿಲ್ಲ, ತೊಳೆಯುವ ಯಂತ್ರದೊಳಗೆ ಹೋಗುವುದಿಲ್ಲ, ಟೈರ್ ಬದಲಿಸುವಾಗ ಆರರ ದುಡ್ಡು. ಆಗ ಹುಟ್ಟುವ ಪ್ರಶ್ನೆ: ಹಿಂದಿನ ಜೋಡಿ ತೆಗೆದು ಒಂಟಿ ಮಾಡಬಹುದೇ?

ಮಾಡಬಹುದು. ಆದರೆ ಇದನ್ನು ಚಕ್ರ ಬದಲಿಸುವ ಕೆಲಸ ಅಂದುಕೊಂಡು ಕೈಹಾಕಿದವರೇ ಕೆಡುವುದು. ಗಾಡಿ ಎಷ್ಟು ಭಾರ ಹೊರಬಲ್ಲದು ಎಂಬ ಲೆಕ್ಕವೇ ಇಲ್ಲಿ ಬದಲಾಗುತ್ತದೆ. ಹಾಗಾಗಿ ಜಾಕ್ ಇಡುವ ಮೊದಲು ಟೈರಿನ ಪಕ್ಕೆಯ ಮೇಲಿನ ಅಂಕಿ ಓದಬೇಕು.

2013ರಿಂದ 2018ರವರೆಗಿನ ರ‍್ಯಾಮ್ 3500 ಪಿಕಪ್ ತೆಗೆದುಕೊಳ್ಳೋಣ. ಡ್ಯುಯಲಿಗೆ ಬರುವ ಟೈರ್ 235/80ಆರ್17, ಅದರ ಮೇಲೆ 120/117 ಎಂದಿರುತ್ತದೆ. 120 ಅಂದರೆ ಒಂಟಿಯಾಗಿ ಓಡುವಾಗ 1400 ಕೆ.ಜಿ., 117 ಅಂದರೆ ಜೋಡಿಯಲ್ಲಿ 1285 ಕೆ.ಜಿ. ರಸ್ತೆಯ ಮಧ್ಯ ಉಬ್ಬಿರುತ್ತದೆ, ಎರಡು ಟೈರಿನ ಗಾಳಿಯೂ ಸವೆತವೂ ಒಂದೇ ಇರುವುದಿಲ್ಲ, ಒಂದಕ್ಕೆ ಹೆಚ್ಚು ಭಾರ ಬಿದ್ದೇ ಬೀಳುತ್ತದೆ. ಅದಕ್ಕೇ ಜೋಡಿಯ ಅಂಕಿ ಕಡಿಮೆ. ಆದರೂ ನಾಲ್ಕು ಸೇರಿದರೆ 5140 ಕೆ.ಜಿ. ಈಗ ಒಂಟಿ ಗಾಡಿಯ 275/70ಆರ್18 ನೋಡಿ: 125, ಅಂದರೆ 1650 ಕೆ.ಜಿ. ಎರಡಕ್ಕೆ 3300. ಹಿಂದಿನ ಟೈರುಗಳ ಶಕ್ತಿಯಲ್ಲಿ 1840 ಕೆ.ಜಿ. ಅಲ್ಲೇ ಹೋಯಿತು. ಈ 1650 ಕೂಡ ಟೈರಿನಲ್ಲಿ 80 ಪಿಎಸ್ಐ ಗಾಳಿ ಇದ್ದಾಗ ಮಾತ್ರ. ಮೆತ್ತಗೆ ಓಡಲಿ ಎಂದು 55ಕ್ಕೆ ಇಳಿಸಿದರೆ ಅದೂ ಉಳಿಯುವುದಿಲ್ಲ.

ಇದನ್ನು ನಿಜವಾದ ಹೊರೆಗೆ ಹಚ್ಚಿ ನೋಡಿ. ಖಾಲಿ ಗಾಡಿಯ ಹಿಂದಿನ ಆಕ್ಸಲ್ ಮೇಲೆ 1600 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. ಬಾಡಿಯೊಳಗೆ (ಹಿಂದಿನ ಸಾಮಾನಿನ ತೊಟ್ಟಿ) ಕೊಂಡಿ ಹಾಕುವ ಫಿಫ್ತ್ ವ್ಹೀಲ್ ಟ್ರೇಲರ್ ತನ್ನ ತೂಕದ 15ರಿಂದ 25 ಶೇಕಡಾ ಭಾರವನ್ನು ಪಿಕಪ್ ಮೇಲೆ ಹೇರುತ್ತದೆ. 6500 ಕೆ.ಜಿ. ಟ್ರೇಲರಿಗೆ 20 ಶೇಕಡಾ ಹಿಡಿದರೆ 1300. ಸಾಮಾನು, ಹಿಂದಿನ ಸೀಟಿನವರು ಎಂದು 250. ಒಟ್ಟು 3150. ಟೈರಿನ ಮಿತಿಗೆ ಉಳಿದದ್ದು 150 ಕೆ.ಜಿ. ಟ್ರೇಲರ್ 7500 ಆದರೆ ಕೊಂಡಿಯ ಮೇಲಿನ ಭಾರ 1500, ಮಿತಿ ದಾಟಿತು. ಊಹೆ ಬೇಡ; ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ತೂಕಸೇತುವೆ ಪ್ರತಿ ಆಕ್ಸಲಿನ ಭಾರ ಬೇರೆಬೇರೆ ಬರೆದು ಚೀಟಿ ಕೊಡುತ್ತದೆ. ನೀವು ಎಳೆಯುವ ಟ್ರೇಲರ್ ಸಮೇತ ಒಮ್ಮೆ ತೂಗಿಸಿ. ಹಿಂದಿನ ಆಕ್ಸಲ್ 3000 ದಾಟಿದರೆ ಈ ಬದಲಾವಣೆ ನಿಮಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಭಾರದ ಮಿತಿಯ ದೊಡ್ಡ ಅಂಕಿ ಹಾಗೇ ಇರುತ್ತದೆ, ಅದನ್ನು ತೋರಿಸಿ ಸಮಾಧಾನಪಡುವವರಿದ್ದಾರೆ. ಆ ಅಂಕಿ ಕಾರ್ಖಾನೆಯಿಂದ ಬಂದ ಆರು ಟೈರುಗಳಿಗೆ ಹೇಳಿದ್ದು. ಟೈರ್, ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ), ಆಕ್ಸಲ್, ಸ್ಪ್ರಿಂಗ್ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದೇ ನಿಮ್ಮ ಹೊಸ ಮಿತಿ.

ಹೊರಗಿನ ಎರಡು ಚಕ್ರ ಬಿಚ್ಚಿ ಒಳಗಿನವುಗಳ ಮೇಲೇ ಓಡಿಸುವುದು ತೀರಾ ಅಗ್ಗದ ಉಪಾಯ. ದಯವಿಟ್ಟು ಬೇಡ. ಡ್ಯುಯಲಿ ಡಿಸ್ಕ್ ಆಳವಾದ ಬಟ್ಟಲಿನ ಹಾಗಿರುತ್ತದೆ. ಒಳಟೈರ್ ಹಬ್ಬಿನ (ಡಿಸ್ಕ್ ಬಿಗಿಯುವ ಆಕ್ಸಲಿನ ತುದಿ) ಮುಖದಿಂದ ಸುಮಾರು 13 ಸೆಂ.ಮೀ. ಒಳಕ್ಕೆ ಕೂತಿರುತ್ತದೆ. ಅದೊಂದರ ಮೇಲೆ ನಿಂತ ಗಾಡಿ ತಿರುವಿನಲ್ಲಿ ವಾಲುತ್ತದೆ. ಸ್ಟಡ್ಡುಗಳು (ನಟ್ ಬಿಗಿಯುವ ಕಡ್ಡಿಗಳು) ಎರಡು ಡಿಸ್ಕಿನ ದಪ್ಪಕ್ಕೆ ಲೆಕ್ಕ ಹಾಕಿದವು, ಒಂದೇ ಇದ್ದಾಗ ಡಿಸ್ಕನ್ನು ಬಿಗಿಯಾಗಿ ಹಿಡಿಯುವ ಮೊದಲೇ ನಟ್‌ಗೆ ಮರೆ (ಸ್ಕ್ರೂ ಗೆರೆ) ಮುಗಿದುಹೋಗುವ ಅಪಾಯವಿದೆ. ಟಾರ್ಕ್ ವ್ರೆಂಚ್ ಕ್ಲಿಕ್ ಎನ್ನುತ್ತದೆ, ಡಿಸ್ಕ್ ಮಾತ್ರ ಸಡಿಲವೇ ಇರುತ್ತದೆ.

ಇನ್ನು ಹಬ್ಬಿನ ತೂತುಗಳು. ರ‍್ಯಾಮ್‌ನಲ್ಲಿ 2018ರವರೆಗೆ ಒಂಟಿಗೂ ಜೋಡಿಗೂ ಒಂದೇ ಅಳತೆ, ಎಂಟು ಸ್ಟಡ್, ಅವು ಕೂತ ವೃತ್ತದ ವ್ಯಾಸ 165.1 ಮಿ.ಮೀ. 2019ರಿಂದ ಡ್ಯುಯಲಿಗೆ 200 ಆಯಿತು. ಫೋರ್ಡ್ ಎಫ್-350ರಲ್ಲಿ 2005ರಿಂದಲೇ ಒಂಟಿಗೆ 170, ಜೋಡಿಗೆ 200. ಜನರಲ್ ಮೋಟರ್ಸ್ ಗಾಡಿಗಳಲ್ಲಿ 2011ರಿಂದ 180 ಮತ್ತು 210. ಅಳತೆ ಬೇರೆಯಿದ್ದರೆ ಅಡಾಪ್ಟರ್ (ಹಬ್ಬಿಗೂ ಡಿಸ್ಕಿಗೂ ನಡುವೆ ಕೂರುವ ಬಿಲ್ಲೆ) ಹಾಕಿ ಮುಗಿಸೋಣ ಎನ್ನಿಸುತ್ತದೆ. ಆದರೆ ಡ್ಯುಯಲಿಯಲ್ಲಿ ಹಿಂದಿನ ಹಬ್ಬಿನ ಮುಖ ಮೊದಲೇ ಹೊರಗಿದೆ, ಎರಡು ಟೈರುಗಳ ನಡುವಿನ ಗೆರೆಯಲ್ಲಿ. ಅಲ್ಲಿಗೆ ಒಂಟಿ ಗಾಡಿಯ ಡಿಸ್ಕ್ ನೇರವಾಗಿ ಹಾಕಿದರೇ ಟೈರ್ ತನ್ನ ಜಾಗಕ್ಕಿಂತ ನಾಲ್ಕೈದು ಸೆಂ.ಮೀ. ಆಚೆ ನಿಲ್ಲುತ್ತದೆ. ಅದರ ಮೇಲೆ 5 ಸೆಂ.ಮೀ. ದಪ್ಪದ ಅಡಾಪ್ಟರ್ ಸೇರಿದರೆ ಟೈರ್ ಬಾಡಿಯಿಂದ ಹೊರಗೆ ಚಾಚಿ, ಕೆಸರನ್ನೆಲ್ಲ ಹಿಂದಿನವರ ಗಾಜಿಗೆ ಎರಚುತ್ತದೆ. ಬಿಗಿಮಾಡಬೇಕಾದ ನಟ್‌ಗಳೂ ಒಂದು ಬದಿಗೆ ಎಂಟರಿಂದ ಹದಿನಾರಾಗುತ್ತವೆ, ಅದರಲ್ಲಿ ಎಂಟು ಡಿಸ್ಕಿನ ಹಿಂದೆ ಕಣ್ಣಿಗೆ ಕಾಣದೆ ಕೂರುತ್ತವೆ.

ಸರಿಯಾದ ದಾರಿ ಒಂಟಿ ಗಾಡಿಯ ಹಿಂದಿನ ಆಕ್ಸಲನ್ನೇ ಇಡಿಯಾಗಿ ತಂದು ಕೂರಿಸುವುದು. ಹಳೆ ಗಾಡಿಗಳ ಯಾರ್ಡ್‌ನಲ್ಲಿ ಆರಿಸುವಾಗ ಮೊದಲು ನೋಡಬೇಕಾದದ್ದು ಗೇರ್ ಅನುಪಾತ. ನಿಮ್ಮದು 3.73 ಇದ್ದರೆ ತರುವುದೂ 3.73 ಇರಲೇಬೇಕು. ಫೋರ್ ವ್ಹೀಲ್ ಡ್ರೈವ್ ಗಾಡಿಯಲ್ಲಿ ಮುಂದೆ 3.73, ಹಿಂದೆ 4.10 ಆದರೆ ಗಟ್ಟಿ ನೆಲದಲ್ಲಿ ನಾಲ್ಕೂ ಚಕ್ರ ಕೂಡಿಸಿದ ಕ್ಷಣ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಒಡೆಯಬಹುದು. ಅನುಪಾತ ಬರೆದ ಲೋಹದ ಚೀಟಿ ಬಿದ್ದುಹೋಗಿದ್ದರೆ ಆಕ್ಸಲಿನ ಕವರ್ ಬಿಚ್ಚಿ ಹಲ್ಲು ಎಣಿಸಿ. ಕ್ರೌನಿನಲ್ಲಿ (ದೊಡ್ಡ ಗೇರ್) 41, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್‌ನಲ್ಲಿ 11 ಇದ್ದರೆ 3.73. ಎರಡನೆಯದು, ಪಿಕಪ್‌ನ ಆಕ್ಸಲನ್ನೇ ತನ್ನಿ. ಬಾಡಿ ಇಲ್ಲದೆ ಮಾರುವ ಕ್ಯಾಬ್-ಚಾಸಿಸ್ ಗಾಡಿಗಳ ಫ್ರೇಮ್ ಹಿಂದೆ ಕಿರಿದು, ಸ್ಪ್ರಿಂಗ್ ಕೂರುವ ಜಾಗದ ಅಂತರ ಹೊಂದುವುದಿಲ್ಲ. ಟೇಪ್ ಹಿಡಿದು ಎರಡೂ ಕಡೆ ಅಳೆದೇ ದುಡ್ಡು ಕೊಡಿ. ಪ್ರೊಪೆಲ್ಲರ್ ಶಾಫ್ಟಿನ ಯುಜೆ ಕ್ರಾಸ್ (ಶಾಫ್ಟ್ ಕೂಡುವ ಕೀಲು) ಅಳತೆ, ಎಬಿಎಸ್ ಸೆನ್ಸರಿನ ಪ್ಲಗ್, ಹ್ಯಾಂಡ್‌ಬ್ರೇಕ್ ಕೇಬಲಿನ ಉದ್ದ ಇವನ್ನೂ ಅಲ್ಲೇ ತಾಳೆ ನೋಡಿ.

ಕೂರಿಸುವಾಗ ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಹಳೆಯ ಯು-ಬೋಲ್ಟ್ ಮತ್ತೆ ಬಳಸಬೇಡಿ. ಒಮ್ಮೆ ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಹೊಸ ನಾಲ್ಕು ತಂದು, ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಬಿದ್ದ ಮೇಲೆ ಅಡ್ಡಡ್ಡವಾಗಿ, ಮೂರು ಸುತ್ತಿನಲ್ಲಿ ಬಿಗಿಮಾಡಿ. ಸ್ಪ್ರಿಂಗಿನ ಮಧ್ಯದ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಪೂರ್ತಿ ಇಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಅರ್ಧ ಕೂತಿದ್ದರೆ ಆಕ್ಸಲ್ ಸೊಟ್ಟಗಾಗಿ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ಬ್ರೇಕ್ ಲೈನಿನ ಗಾಳಿ ತೆಗೆಯುವುದು, ಹೊಸ ಗೇರ್ ಎಣ್ಣೆ ತುಂಬುವುದು ಎಲ್ಲ ಮೆಕ್ಯಾನಿಕ್‌ಗಳೂ ಬಲ್ಲದ್ದೇ.

ಮುಂದಿನ ಚಕ್ರಗಳನ್ನು ಬಹಳ ಜನ ಮರೆಯುತ್ತಾರೆ. ಡ್ಯುಯಲಿಯಲ್ಲಿ ಮುಂದೆಯೂ ಅದೇ ಆಳದ ಡಿಸ್ಕ್, ಆದ್ದರಿಂದ ಮುಂದಿನ ಹಬ್ಬಿಗೆ ಒಂದು ಎಕ್ಸ್‌ಟೆನ್ಶನ್ ಬಿಗಿದಿರುತ್ತಾರೆ. ಅದನ್ನು ತೆಗೆಯದೆ ಒಂಟಿ ಗಾಡಿಯ ಡಿಸ್ಕ್ ಹಾಕಿದರೆ ಮುಂದಿನ ಟೈರ್ ಸುಮಾರು 8 ಸೆಂ.ಮೀ. ಹೊರಗೆ ಬಂದು, ಸ್ಟೀರಿಂಗ್ ಭಾರವಾಗಿ ಬೇರಿಂಗ್ ಬೇಗ ಹಾಳಾಗುತ್ತದೆ. ಎಕ್ಸ್‌ಟೆನ್ಶನ್ ತೆಗೆದ ಮೇಲೆ ಉಳಿಯುವ ಸ್ಟಡ್ಡಿನ ಉದ್ದ ನೋಡಿ. ನಟ್ ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಒಳಹೋಗಬೇಕು, 14 ಮಿ.ಮೀ. ಸ್ಟಡ್, 1.5 ಮಿ.ಮೀ. ಅಂತರದ ಮರೆ ಆದರೆ ಒಂಬತ್ತು ಸುತ್ತಿಗಿಂತ ಹೆಚ್ಚು. ಕೈಯಲ್ಲೇ ತಿರುಗಿಸಿ ಎಣಿಸಿ. ನಟ್‌ನ ಬುಡವನ್ನೂ ಗಮನಿಸಿ: ಡ್ಯುಯಲಿಯ ನಟ್‌ಗೆ ತಿರುಗುವ ಚಪ್ಪಟೆ ವಾಷರ್, ಹೊರಗೆ ಕೊಳ್ಳುವ ಎಷ್ಟೋ ಅಲಾಯ್ ಡಿಸ್ಕ್‌ಗಳಿಗೆ ಕೋನಾಕಾರದ ಬುಡ ಬೇಕು. ಅದಲುಬದಲಾದರೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಬಾಡಿಯ ವಿಷಯದಲ್ಲಿ ಅಗಲ ಮಡ್‌ಗಾರ್ಡ್ ಕೊಯ್ದು ತೇಪೆ ಹಾಕುವ ಶ್ರಮ ವ್ಯರ್ಥ. ಕೆಲಸದ ಗಾಡಿಗಳಿಗೆ ಬೇರೆ ಬಾಡಿ ಕಟ್ಟಿಸುವವರು ಹೊಸ ಬಾಡಿಯನ್ನೇ ಬಿಚ್ಚಿ ಮಾರುತ್ತಾರೆ. 8 ಅಡಿಯ ಒಂಟಿ ಬಾಡಿ ಹಾಗೆ ಸಿಗುತ್ತದೆ. ನಿಮ್ಮ ಡ್ಯುಯಲಿ ಬಾಡಿ, ಆಕ್ಸಲ್, ಆರು ಚಕ್ರಕ್ಕೂ ಗಿರಾಕಿ ಇರುತ್ತಾರೆ.

ಹೊಸ ಟೈರಿನ ಎತ್ತರ 842 ಮಿ.ಮೀ., ಹಳೆಯದು 808. ಮೀಟರ್ 60 ತೋರಿಸುವಾಗ ಗಾಡಿ 62.5 ದಾಟಿರುತ್ತದೆ, ಆದ್ದರಿಂದ ಕಂಪ್ಯೂಟರಿನಲ್ಲಿ ಟೈರ್ ಅಳತೆ ಬದಲಿಸಬೇಕು. ಸ್ಟೆಪ್ನಿಯೂ ಬದಲಾಗಬೇಕು, ಹಳೆಯ ಸ್ಟೆಪ್ನಿ ಇನ್ನು ಈ ಗಾಡಿಗೆ ಬರುವುದಿಲ್ಲ.

ಊರಿನಲ್ಲಿ ಆರು ಚಕ್ರದ ಲಾರಿ ಇಟ್ಟವರು ಇದನ್ನು ಓದಿ ಆಸೆಪಡಬೇಡಿ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅಡ್ಡಿ ಹೇಳುತ್ತದೆ. ಆಕ್ಸಲ್ ಭಾರವನ್ನೂ ಟೈರ್ ಎಣಿಸಿಯೇ ನಿಗದಿ ಮಾಡಿದ್ದಾರೆ: 2018ರ ಅಧಿಸೂಚನೆಯ ಪ್ರಕಾರ ನಾಲ್ಕು ಟೈರಿನ ಒಂದು ಆಕ್ಸಲಿಗೆ 11.5 ಟನ್, ಎರಡು ಟೈರಿನದಕ್ಕೆ 7.5.

ಎಲ್ಲ ಮುಗಿದ ಮೇಲೆ ನಟ್‌ಗಳನ್ನು ಆ ವರ್ಷದ ಕೈಪಿಡಿ ಹೇಳುವ ಟಾರ್ಕಿಗೆ ಬಿಗಿದು, ಪ್ರತಿ ನಟ್‌ನಿಂದ ಡಿಸ್ಕಿಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. 40 ಕಿ.ಮೀ. ಓಡಿಸಿ ಮತ್ತೆ ಟಾರ್ಕ್ ನೋಡಿ. ಹೊಸ ಡಿಸ್ಕಿನ ಬಣ್ಣ, ಹಬ್ಬಿನ ತುಕ್ಕು ಒತ್ತಿ ಕೂರುವುದರಿಂದ ಒಂದೆರಡಾದರೂ ನಟ್ ಸ್ವಲ್ಪ ತಿರುಗುವುದು ಸಾಮಾನ್ಯ. 160 ಕಿ.ಮೀ.ಗೆ ಯು-ಬೋಲ್ಟ್ ಸಮೇತ ಇನ್ನೊಮ್ಮೆ ನೋಡಿ. ಆಗಲೂ ಯಾವುದಾದರೂ ಗೆರೆ ಸರಿದಿದ್ದರೆ ಬಿಗಿದು ಸುಮ್ಮನಾಗಬೇಡಿ, ಚಕ್ರ ಬಿಚ್ಚಿ ಹಬ್ಬಿನ ಮುಖ ನೋಡಿ.