ಜೋಳದ ದಿಂಡಿನ ಪೈಪ್ ಅಗ್ಗ, ಹಾಗಂತ ಕಳಪೆಯಾ?

ಪ್ರಶ್ನೆ: ಅಮೆರಿಕದಲ್ಲಿ ತಯಾರಾದ ತಂಬಾಕಿನ ಪೈಪ್‌ಗಳ ಗುಣಮಟ್ಟ ಹೇಗಿರುತ್ತದೆ? ಜೋಳದ ದಿಂಡಿನ ಪೈಪ್ ತುಂಬಾ ಅಗ್ಗ. ಅದು ಸುಮ್ನೆ ಶೋಕಿಗೆ ಇಟ್ಟುಕೊಳ್ಳುವ ವಸ್ತುವಾ?

ಖಂಡಿತ ಅಲ್ಲ. ಅಮೆರಿಕದ ಕೈಕೆಲಸ ತೋರಿಸಿ ಅಂದರೆ ನಾನು ಮೊದಲು ಕೈಗೆ ಕೊಡುವುದೇ ಅದನ್ನು. (ಪೈಪ್ ಸೇದಿದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಇಲ್ಲಿ ಮಾತು ತಯಾರಿಕೆಯದ್ದು ಮಾತ್ರ.)

ಮಿಸೌರಿ ನದಿಯ ದಂಡೆಯಲ್ಲಿ ವಾಷಿಂಗ್ಟನ್ ಅಂತ ಒಂದು ಸಣ್ಣ ಊರಿದೆ. ಹೆಸರು ಒಂದೇ, ರಾಜಧಾನಿ ಬೇರೆ. 1869ರಲ್ಲಿ ಶುರುವಾದ ದಿಂಡಿನ ಪೈಪ್ ತಯಾರಿಕೆ ಅಲ್ಲಿ ಇವತ್ತಿಗೂ ನಡೆಯುತ್ತಿದೆ. ಹೆನ್ರಿ ಟಿಬ್ಬೆ ಎಂಬ ಡಚ್ ಮೂಲದ ಮರಗೆಲಸದವರು ರೈತನೊಬ್ಬನ ಕೋರಿಕೆಯಂತೆ ಮುಸುಕಿನ ಜೋಳದ ದಿಂಡನ್ನು ಲೇತ್‌ಗೆ ಹಾಕಿ ಪೈಪ್ ಮಾಡಿಕೊಟ್ಟರಂತೆ. ಆದರೆ ದಿಂಡಿನ ಮೈಯೆಲ್ಲ ಸಣ್ಣ ಸಣ್ಣ ಗುಳಿ, ಅಲ್ವಾ? ಅವುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಒಣಗಿದ ಮೇಲೆ ಉಜ್ಜಿ ನುಣುಪು ಮಾಡುವ ವಿಧಾನ ಕಂಡುಕೊಂಡರು. 1878ರಲ್ಲಿ ಪೇಟೆಂಟೂ ಸಿಕ್ಕಿತು. ಹಗುರ, ಹೊಗೆ ತಣ್ಣಗೆ ಬರುತ್ತದೆ ಅಂತ ದುಬಾರಿ ಮೀರ್ಷಾಮ್ ಕಲ್ಲಿನ ಪೈಪಿಗೆ ಹೋಲಿಸಿ ‘ಮಿಸೌರಿ ಮೀರ್ಷಾಮ್’ ಎಂದು ಹೆಸರಿಟ್ಟರು. ಕಂಪನಿಯ ಹೆಸರೂ ಅದೇ ಆಯಿತು.

ನಾವು ಒಲೆಗೆ ಹಾಕುವ ದಿಂಡು ಇದಕ್ಕೆ ಸಾಲದು. ದಪ್ಪ, ಗಟ್ಟಿ ದಿಂಡು ಬಿಡುವ ತಳಿಯನ್ನೇ ಬೆಳೆಯುತ್ತಾರೆ. ಕಾಳು ಬಿಡಿಸಿದ ದಿಂಡನ್ನು ಎರಡು ವರ್ಷದಷ್ಟು ಕಾಲ ಒಣಗಲು ಬಿಡುತ್ತಾರೆ. ಆಮೇಲೆ ಕೊಯ್ದು, ಕೊರೆದು, ಮರದ ಕೊಳವೆ ಕೂರಿಸುತ್ತಾರೆ. ತಂಬಾಕು ತುಂಬುವ ಬಟ್ಟಲಿನೊಳಗೆ ಇಣುಕಿದರೆ ಆ ಕೊಳವೆಯ ತುದಿ ಸ್ವಲ್ಪ ಒಳಗೆ ಚಾಚಿಕೊಂಡಿರುವುದು ಕಾಣುತ್ತದೆ. ಹೊಸಬರು ಇದನ್ನು ನೋಡಿ ದೋಷ ಅಂದುಕೊಳ್ಳುತ್ತಾರೆ. ಅದನ್ನು ಕೂರಿಸುವ ರೀತಿಯೇ ಹಾಗೆ. ಬೆಲೆ ಕಡಿಮೆ ಇರುವುದು ದಿಂಡು ಅಗ್ಗ ಅನ್ನುವ ಕಾರಣಕ್ಕೆ. ಇದು ಬ್ರಯರ್ ಎಂಬ ಮರದ ಪೈಪಿನಷ್ಟು ವರ್ಷ ಬಾಳುವುದಿಲ್ಲ, ನಿಜ. ಒಂದು ದಿನ ಸುಟ್ಟು ಹೋಗುತ್ತದೆ, ಇನ್ನೊಂದು ಕೊಳ್ಳುತ್ತಾರೆ.

ಬ್ರಯರ್ ಕಥೆಯೇ ಬೇರೆ. ಅದು ಮೆಡಿಟರೇನಿಯನ್ ಸುತ್ತಲಿನ ಪೊದೆಯೊಂದರ ಬುಡದ ಗಂಟು. ಎರಡನೇ ಮಹಾಯುದ್ಧದಲ್ಲಿ ಆಮದು ನಿಂತಾಗ ಅಮೆರಿಕದವರು ಕ್ಯಾಲಿಫೋರ್ನಿಯಾದ ಮ್ಯಾಂಜನೀಟಾ ಗಿಡದ ಗಂಟಿನಿಂದಲೂ ಪೈಪ್ ಮಾಡಿದರು. ಈಗ ಅಲ್ಲಿ ಒಬ್ಬೊಬ್ಬರೇ ಕೂತು ಕೈಯಲ್ಲಿ ಮಾಡುವ ಕುಶಲಕರ್ಮಿಗಳ ಬ್ರಯರ್ ಪೈಪಿಗೆ ಬೆಲೆ ಬಹಳ ಜಾಸ್ತಿ.

ಬ್ರಯರ್ ಪೈಪ್ ಕೈಗೆ ಬಂದಾಗ ಹೊಳಪಿಗೆ ಮರುಳಾಗಬೇಡಿ. ಹೊಗೆಯ ರಂಧ್ರ ಬಟ್ಟಲಿನ ತಳಕ್ಕೆ ಸರಿಯಾಗಿ, ನಡುಮಧ್ಯಕ್ಕೆ ಬಂದು ಸೇರಬೇಕು. ಮೇಲೆ ಸೇರಿದರೆ ತಳದ ತಂಬಾಕು ಒದ್ದೆಯಾಗಿ ಉಳಿಯುತ್ತದೆ. ಬಾಯಿಯ ತುದಿಯಿಂದ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ತೂರಿಸಿ. ಎಲ್ಲೂ ತಡೆಯದೆ ಬಟ್ಟಲು ಮುಟ್ಟಿದರೆ ಕೊರೆದವರ ಕೈ ಪಳಗಿದೆ ಅಂತ ಲೆಕ್ಕ. ಆಮೇಲೆ ಪೈಪನ್ನು ಬೆಳಕಿಗೆ ಹಿಡಿದು, ಕೊಳವೆಯೂ ಬಾಯಿತುದಿಯೂ ಕೂಡುವ ಜಾಗ ನೋಡಿ. ಅಲ್ಲಿ ಕೂದಲೆಳೆಯಷ್ಟೂ ಬೆಳಕು ತೂರಬಾರದು.