ಸೀರಿಯಲ್ ಅರ್ಧಕ್ಕೇ ನಿಂತರೆ ಯಾರನ್ನ ಕೇಳಬೇಕು?

ಸೀರಿಯಲ್ ನಿಂತುಹೋಯ್ತು ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ನಗುವವರೇ ಜಾಸ್ತಿ. "ಅದು ಬರೀ ಕಥೆ, ಬಿಡ್ರಿ" ಅನ್ನುತ್ತಾರೆ. ಆದರೆ ವರ್ಷಗಟ್ಟಲೆ ದಿನಾ ರಾತ್ರಿ ಮನೆಗೆ ಬಂದ ಕಥೆ ಅದು. ತಿಂಗಳು ತಿಂಗಳು ದುಡ್ಡು ಕಟ್ಟಿ ನೋಡಿದ ಕಥೆ. ಶುಕ್ರವಾರ ಗಡಿಬಿಡಿಯಲ್ಲಿ ಮುಗಿಸಿ, ಸೋಮವಾರ ಅದೇ ಟೈಮಿಗೆ ಬೇರೆ ಯಾರದೋ ಮದುವೆ ತೋರಿಸಿದರೆ ಸಿಟ್ಟು ಬರದೇ ಇರುತ್ತಾ?

ಚಳ್ಳಕೆರೆಯಲ್ಲಿ ನಮ್ಮ ಚಿಕ್ಕಮ್ಮ ಒಬ್ಬರಿದ್ದಾರೆ. ಮೊರದ ತುಂಬ ಶೇಂಗಾ ಹಾಕಿಕೊಂಡು ಬಿಡಿಸುತ್ತಾ ಟಿವಿ ಮುಂದೆ ಕೂರುತ್ತಾರೆ. ಅವರು ನೋಡುತ್ತಿದ್ದ ಒಂದು ಸೀರಿಯಲ್‌ನಲ್ಲಿ ಆಸ್ತಿ ಕೇಸು ಕೋರ್ಟಿನಲ್ಲಿತ್ತು. ಕೊನೆಯ ವಾರ ಕೇಸಿನ ಮಾತೇ ಇಲ್ಲ. ಎಲ್ಲರೂ ಒಂದು ಕಡೆ ನಿಂತು ಕೈಮುಗಿದರು, ಮುಗೀತು. "ಆ ಕೇಸು ಏನಾತು ಅಂತ ಹೇಳಬೇಕಲ್ಲಪ್ಪ, ನಾವೇನು ಪುಕ್ಕಟೆ ನೋಡಿದ್ವಾ?" ಅಂತ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಈ ಸಿಟ್ಟು ಹಳೆಯದು. ಅಮೆರಿಕದ ಎನ್‌ಬಿಸಿ ಚಾನೆಲ್ 'ಸ್ಟಾರ್ ಟ್ರೆಕ್' ನಿಲ್ಲಿಸುತ್ತದೆ ಅನ್ನೋ ಸುದ್ದಿ ಹಬ್ಬಿದಾಗ ನೋಡುಗರು ರಾಶಿ ರಾಶಿ ಕಾಗದ ಬರೆದರು. 1968ರಲ್ಲಿ ಕಾಲೇಜು ಹುಡುಗರು ಚಾನೆಲ್ ಆಫೀಸಿಗೆ ಮೆರವಣಿಗೆ ಹೋದರು. ಚಾನೆಲ್ ಒಪ್ಪಿ ಮೂರನೇ ಸೀಸನ್ ಕೊಟ್ಟಿತು. ಆದರೆ ಶುಕ್ರವಾರ ರಾತ್ರಿ 10 ಗಂಟೆಗೆ ಹಾಕಿತು. ಅದನ್ನು ನೋಡುತ್ತಿದ್ದ ವಯಸ್ಸಿನವರು ಆ ಹೊತ್ತಿನಲ್ಲಿ ಮನೆಯಲ್ಲೇ ಇರುತ್ತಿರಲಿಲ್ಲ. 1969ರಲ್ಲಿ ಅದು ನಿಂತೇ ಹೋಯಿತು. ಟೈಮ್ ಬದಲಾಯಿಸಿ ಸೀರಿಯಲ್ ಸಾಯಿಸುವುದನ್ನು ನಾವೂ ಕಂಡಿದ್ದೇವೆ ಅಲ್ವಾ? ರಾತ್ರಿ 9ರಿಂದ ಸಂಜೆ 6ಕ್ಕೆ ತಳ್ಳಿದರೆ ಅದರ ಕಥೆ ಮುಗಿಯಿತು ಅಂತಲೇ ಲೆಕ್ಕ.

ಎನ್‌ಬಿಸಿ ನಡೆಯುತ್ತಿದ್ದದ್ದು ಜಾಹೀರಾತಿನ ದುಡ್ಡಿನಲ್ಲಿ. ನೋಡುಗರೇ ದುಡ್ಡು ಕೊಟ್ಟರೆ ಈ ಕಾಟ ಇರೋದಿಲ್ಲ ಅಂತ ಅನ್ನಿಸುವುದು ಸಹಜ. 1972ರ ನವೆಂಬರ್ 8ರಂದು ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರೆ ಊರಿನಲ್ಲಿ ಎಚ್‌ಬಿಒ ಅನ್ನೋ ಚಾನೆಲ್ ಶುರುವಾಯಿತು. ತಿಂಗಳಿಗಿಷ್ಟು ಅಂತ ಚಂದಾ, ಜಾಹೀರಾತು ಇಲ್ಲ. ಚಂದಾದಾರರೇ ಯಜಮಾನರು.

ಹಾಗಿದ್ದೂ ಅಲ್ಲೂ ಕತ್ತರಿ ಬಿತ್ತು. ಆರು ಸೀಸನ್‌ಗೆ ಹೆಣೆದಿದ್ದ 'ಕಾರ್ನಿವಾಲ್' 2005ರಲ್ಲಿ ಎರಡಕ್ಕೇ ನಿಂತಿತು. 'ರೋಮ್' ಕೂಡ ಎರಡೇ ಸೀಸನ್. ನಿಲ್ಲುತ್ತದೆ ಅಂತ ಮುಂಚೆಯೇ ತಿಳಿದಿದ್ದರಿಂದ, ಮುಂದಿನ ಸೀಸನ್‌ಗಳಿಗೆ ಇಟ್ಟಿದ್ದ ಕಥೆಯನ್ನೂ ಎರಡನೆಯದರಲ್ಲೇ ತುರುಕಿದರು. ನನಗೆ ಜಾಸ್ತಿ ನೋವು ತರುವುದು 'ಡೆಡ್‌ವುಡ್' ಪ್ರಸಂಗ. ಜನ ಮೆಚ್ಚಿದ್ದರು, ವಿಮರ್ಶಕರೂ ಹೊಗಳಿದ್ದರು. ಆದರೆ ಅದನ್ನು ಮಾಡುತ್ತಿದ್ದದ್ದು ಎಚ್‌ಬಿಒ ಒಂದೇ ಅಲ್ಲ, ಪ್ಯಾರಮೌಂಟ್ ಕಂಪನಿ ಕೂಡ ಜೊತೆಗಿತ್ತು. ಹೊರದೇಶಗಳಲ್ಲಿ ಮಾರುವ ಹಕ್ಕು ಪ್ಯಾರಮೌಂಟ್ ಕೈಯಲ್ಲಿತ್ತು. ಎಚ್‌ಬಿಒಗೆ ಖರ್ಚು ದೊಡ್ಡದು, ಲಾಭದಲ್ಲಿ ಪಾಲು ಸಣ್ಣದು. 2006ರಲ್ಲಿ ಮೂರನೇ ಸೀಸನ್‌ಗೇ ನಿಲ್ಲಿಸಿದರು. ಎರಡು ಸಿನಿಮಾ ಮಾಡಿ ಮುಗಿಸುತ್ತೇವೆ ಅಂದರು, ಅದೂ ಆಗಲಿಲ್ಲ. ಕೊನೆಗೆ ಒಂದು ಸಿನಿಮಾ ಬಂದಿದ್ದು 2019ರಲ್ಲಿ. ಅಷ್ಟೂ ವರ್ಷ ಚಂದಾ ಕಟ್ಟಿದವರ ಪ್ರೀತಿ ಕಮ್ಮಿಯಾಗಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ಪ್ರೀತಿಗೆ ಜಾಗ ಇರಲಿಲ್ಲ ಅಷ್ಟೇ.

ನಮ್ಮಲ್ಲಿ ಶುರುವಾಗಿದ್ದು ಬೇರೆ ಥರ. ದೂರದರ್ಶನದ ಕಾಲದಲ್ಲಿ ವಾರಕ್ಕೊಂದು ಕಂತು, 13 ಕಂತು ಅಥವಾ 26 ಕಂತು ಅಂತ ಮೊದಲೇ ಮಂಜೂರಾಗುತ್ತಿತ್ತು. ಬರೆಯುವವರಿಗೆ ಕೊನೆ ಎಲ್ಲಿ ಅಂತ ಗೊತ್ತಿರುತ್ತಿತ್ತು. 1994ರಲ್ಲಿ ಉದಯ ಟಿವಿ ಬಂತು, 2000ದ ಕೊನೆಗೆ ಈಟಿವಿ ಕನ್ನಡ ಬಂತು. ದಿನಾ ಬರುವ ಮೆಗಾ ಸೀರಿಯಲ್ ಕಾಲ ಶುರುವಾಯಿತು. ಟಿಆರ್‌ಪಿ ಇರೋವರೆಗೂ ಎಳೀತಾರೆ, ಬಿದ್ದ ಮೇಲೆ ಒಂದೆರಡು ವಾರದಲ್ಲಿ ಸುತ್ತಿಬಿಡುತ್ತಾರೆ. ಕಥೆಗೆ ಇಷ್ಟೇ ಅಂತ ಅಳತೆಯೇ ಇಲ್ಲದ ಮೇಲೆ ಕೊನೆ ಅನ್ನೋದು ಬರಹಗಾರರ ಕೈತಪ್ಪಿತು.

ದುಡ್ಡಿನ ವಿಷಯಕ್ಕೆ ಬನ್ನಿ. 2019ರ ಫೆಬ್ರವರಿಗೆ ಮುಂಚೆ ದಾವಣಗೆರೆಯಲ್ಲಿ ಕೇಬಲ್‌ನವರು ತಿಂಗಳಿಗೊಮ್ಮೆ ಬಂದು, ಒಟ್ಟು ಇಷ್ಟು ಅಂತ ಇಸ್ಕೊಂಡು ಹೋಗುತ್ತಿದ್ದರು. ಆಮೇಲೆ ಕೇಬಲ್, ಡಿಟಿಎಚ್ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂತು. ಆಗ ಮೊದಲ 100 ಚಾನೆಲ್‌ಗೆ ಹೆಚ್ಚೆಂದರೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ ಅಂತಿತ್ತು. ಪೇ ಚಾನೆಲ್‌ಗಳಿಗೆ ಅದರ ಮೇಲೆ ಬೇರೆ ರೇಟು. ಪ್ಯಾಕ್‌ನಲ್ಲಿ ಸೇರಿಸುವ ಚಾನೆಲ್‌ನ ಬೆಲೆ 19 ರೂಪಾಯಿ ದಾಟಬಾರದು ಅಂದರು. ಅಂದರೆ ಈಗ ನಾವು ಹೆಸರು ಹೇಳಿ, ರೇಟು ನೋಡಿ ಚಾನೆಲ್ ಕೊಳ್ಳುತ್ತೇವೆ. ಆದರೆ ಜಾಹೀರಾತು ಹೋಗಲಿಲ್ಲ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ನಿಯಮವೇ ಬಿಡುತ್ತದೆ. ಚಂದಾ ಕೊಡುವವರು ನಾವು, ಸೀರಿಯಲ್ ಇರಬೇಕಾ ಬೇಡವಾ ಅಂತ ನಿರ್ಧಾರ ಆಗುವುದು ಜಾಹೀರಾತಿನ ಲೆಕ್ಕದಲ್ಲಿ.

ಆ ಲೆಕ್ಕ ಬರುವುದು, ಯಾರು ಏನು ನೋಡುತ್ತಾರೆ ಅಂತ ಅಳೆಯುವ ಬಾರ್ಕ್ ಸಂಸ್ಥೆ ಕೊಡುವ ರೇಟಿಂಗ್‌ನಿಂದ, ಅಂದರೆ ಟಿಆರ್‌ಪಿಯಿಂದ. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇದ್ದ ಮನೆಗಳು ಸುಮಾರು 21 ಕೋಟಿ. ಏನು ನೋಡುತ್ತಾರೆ ಅಂತ ಅಳೆಯುವ ಮೀಟರ್ ಇಟ್ಟಿದ್ದು ಅದರಲ್ಲಿ ಐವತ್ತು ಸಾವಿರದ ಆಸುಪಾಸು ಮನೆಗಳಲ್ಲಿ. ಯಾವ ಮನೆ ಅನ್ನುವುದು ಗುಟ್ಟು, ಅದು ಗುಟ್ಟಾಗಿಯೇ ಇರಬೇಕು, ಇಲ್ಲದಿದ್ದರೆ ಮೋಸ ನಡೆಯುತ್ತದೆ. ಆದರೆ ದಾವಣಗೆರೆಯ ಕೆಟಿಜೆ ನಗರದ ಒಂದು ಬೀದಿಗೆ ಬೀದಿಯೇ ಒಂದು ಸೀರಿಯಲ್ ನೋಡಿದರೂ, ಅಲ್ಲಿ ಮೀಟರ್ ಇಲ್ಲದಿದ್ದರೆ ಅದು ಎಣಿಕೆಗೆ ನೇರವಾಗಿ ಸೇರುವುದಿಲ್ಲ.

2020ರ ಲಾಕ್‌ಡೌನ್ ಇದನ್ನೆಲ್ಲ ಬಯಲು ಮಾಡಿತು. ಶೂಟಿಂಗ್ ನಿಂತಿತು, ಜಾಹೀರಾತು ಕುಸಿಯಿತು. ಶೂಟಿಂಗ್ ಮತ್ತೆ ಶುರುವಾದಾಗ ಕೆಲವು ಸೀರಿಯಲ್ ವಾಪಸ್ ಬರಲೇ ಇಲ್ಲ. 2018ರಲ್ಲಿ ಶುರುವಾಗಿದ್ದ ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' ಅದರಲ್ಲಿ ಒಂದು. ಕೋರ್ಟು, ಆಡಳಿತ, ರಾಜಕೀಯ ಅಂತ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತಿದ್ದ ಸೀರಿಯಲ್ ಅದು. ಅದು ಹಾಗೆ ನಿಂತಿದ್ದು ನನಗೆ ಇವತ್ತಿಗೂ ಸಂಕಟ.

ನಮ್ಮ ಕೇಬಲ್‌ನವರನ್ನ ಒಮ್ಮೆ ಕೇಳಿದೆ, ಹೀಗೆ ಅರ್ಧಕ್ಕೆ ನಿಲ್ಲಿಸಿದರೆ ದೂರು ಕೊಡೋದು ಎಲ್ಲಿ ಅಂತ. "ಲೈನ್ ಹೋದ್ರೆ ನಂಗೆ ಹೇಳ್ರಿ ಸರ್, ಕಥಿ ಹೋದ್ರೆ ನಾನೇನ್ ಮಾಡ್ಲಿ" ಅಂದರು. ಅವರದು ಸರಿ. ಟ್ರಾಯ್ ನಿಯಮಗಳು ರೇಟು, ಬಿಲ್ಲು, ಲೈನ್ ಇಂಥದ್ದರ ಬಗ್ಗೆ. ಚಾನೆಲ್ಲನ್ನೇ ಕಿತ್ತುಹಾಕುವುದಾದರೆ ಮುಂಚೆ ನೋಟಿಸ್ ಕೊಡಬೇಕು. ಅದರೊಳಗಿನ ಕಥೆ ಕಿತ್ತುಹಾಕಲು ಯಾವ ನೋಟಿಸೂ ಬೇಕಿಲ್ಲ.

ಹಾಗಾದರೆ ನೋಡುಗರ ಮಾತು ಎಲ್ಲೂ ನಡೆದಿಲ್ವಾ? ನಡೆದಿದೆ. 2007ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್ 'ಜೆರಿಕೊ' ನಿಲ್ಲಿಸಿತು. ಅದರ ಒಂದು ಪಾತ್ರ ಕೊನೇ ಕಂತಿನಲ್ಲಿ, ಶರಣಾಗಲ್ಲ ಅನ್ನೋ ಅರ್ಥದಲ್ಲಿ "ನಟ್ಸ್" ಅಂತ ಸವಾಲು ಹಾಕಿತ್ತು. ಇಂಗ್ಲಿಷಿನಲ್ಲಿ ಶೇಂಗಾ, ಬಾದಾಮಿ ಥರದ್ದಕ್ಕೂ ನಟ್ಸ್ ಅಂತಲೇ ಅನ್ನುತ್ತಾರೆ. ಅದನ್ನೇ ಹಿಡಿದುಕೊಂಡು ನೋಡುಗರು ಚಾನೆಲ್ ಆಫೀಸಿಗೆ ಶೇಂಗಾ ಕಳಿಸಿದರು. ಒಂದು ಮೂಟೆ ಎರಡು ಮೂಟೆ ಅಲ್ಲ, ಸುಮಾರು 18 ಟನ್. ಶೇಂಗಾ ಬೆಳೆಯುವ ಚಳ್ಳಕೆರೆ ಸೀಮೆಯವರಿಗೆ ಅದು ಎಷ್ಟು ಮಾಲು ಅಂತ ಬಿಡಿಸಿ ಹೇಳಬೇಕಿಲ್ಲ. ಚಾನೆಲ್ ಮಣಿದು ಇನ್ನೂ ಏಳು ಕಂತು ಕೊಟ್ಟಿತು. ತಯಾರಕರು ಈ ಸಲ ಎರಡು ಥರದ ಕೊನೆ ಶೂಟ್ ಮಾಡಿ ಇಟ್ಟುಕೊಂಡರು. ಸೀರಿಯಲ್ ಮುಂದುವರಿದರೆ ಒಂದು, ನಿಂತರೆ ಇನ್ನೊಂದು. ನಿಂತಿತು. ಆದರೆ ಕಥೆ ಮುಗಿದು ನಿಂತಿತು.

ನಷ್ಟದಲ್ಲಿ ಸೀರಿಯಲ್ ಓಡಿಸಿ ಅಂತ ಚಾನೆಲ್‌ಗಳನ್ನು ನಾನು ಕೇಳುತ್ತಿಲ್ಲ. ನಿಲ್ಲಿಸಬೇಕು ಅಂತ ತೀರ್ಮಾನ ಆದ ದಿನವೇ ಬರೆಯುವವರಿಗೆ ತಿಳಿಸಿ, ಕಥೆ ಮುಗಿಸಲು ಇಪ್ಪತ್ತು ಕಂತು ಕೊಡಲಿ. ವಾರಕ್ಕೆ ಐದರ ಲೆಕ್ಕದಲ್ಲಿ ಅದು ಬರೀ ಒಂದು ತಿಂಗಳು, ನಾವು ಒಂದು ಸಲ ಕಟ್ಟುವ ಚಂದಾದಷ್ಟು ಅವಧಿ.